ಮೆಣಸಿನಕಾಯಿ ಕೈಯಲ್ಲಿ ಬರೆದ ಬಿ.ಕಾಂ.

ಬ್ಯಾಡಗಿ ಮಾರುಕಟ್ಟೆಯೊಳಗೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸೀನು ಶುರುವಾಯಿತು. ಸಾಲಾಗಿ ಹತ್ತು-ಹನ್ನೆರಡು. ಎದುರಿನ ದಲಾಲಿ ಅಂಗಡಿಯಿಂದ ಹುಡುಗನೊಬ್ಬ ತಂಬಿಗೆ ನೀರು ಹಿಡಿದು ಬಂದ. ‘ಮೊದಲ ಸಲ ಬಂದೋರಿಗೆ ಹಿಂಗ ಆಗ್ತೈತ್ರಿ. ಒಳಗ ಬರ್ರಿ, ಇಲ್ಲಿ ಘಾಟು ಕಡಿಮಿ’ ಅಂದ.

ಒಳಗೆ ಅವನು ಕಂಪ್ಯೂಟರ್ ಮುಂದೆ ಕೂತು ರೈತರ ಪಟ್ಟಿ ಮಾಡುತ್ತಿದ್ದ. ಲಾಟ್ ನಂಬರ್, ತೂಕ, ದರ, ಹಮಾಲಿ. ಎರಡು ಸುಗ್ಗಿಯ ಹಿಂದೆ ಇದೇ ಅಂಗಡಿಯ ಮುಂದೆ ಚೀಲ ಹೊರುತ್ತಿದ್ದವನಂತೆ. ಹೊರುತ್ತಲೇ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಕಟ್ಟಿದ. ಈಗ ಎರಡು ಪೇಪರ್ ಬಾಕಿ. ಮಾರುಕಟ್ಟೆಯ ಬಗ್ಗೆ ಬರೆಯಲು ಹೋದವನು ನಾನು. ಅದನ್ನು ಬಿಟ್ಟು ಮಧ್ಯಾಹ್ನವಿಡೀ ಇವನ ಪಕ್ಕದಲ್ಲೇ ಕೂತೆ.

ಮೊದಲ ವರ್ಷದ ಲೆಕ್ಕಶಾಸ್ತ್ರದ ಪರೀಕ್ಷೆಯ ಹಿಂದಿನ ರಾತ್ರಿ ಎರಡು ಲಾರಿ ಇಳಿಸಿದ್ದನಂತೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ. 2011ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದ್ದರ ಹಿಂದೆಯೂ ಆ ಕೆಂಪಿದೆ. ಆದರೆ ದಿನವಿಡೀ ಮುಟ್ಟಿದವನ ಉಗುರಿನ ಸಂದಿಗೆ ಆ ಕಡಿಮೆ ಖಾರವೇ ಸಾಕು. ಪರೀಕ್ಷೆಯಲ್ಲಿ ಬೆವರು ಒರೆಸಿಕೊಂಡ, ಕಣ್ಣು ಉರಿಯಿತು. ಅರ್ಧ ತಾಸು ಒಂದೇ ಕಣ್ಣಲ್ಲಿ ಬರೆದ.

‘ಮೂರು ಸಲ ಸೋಪು ಹಚ್ಚಿ ತೊಳದಿದ್ದೆ, ಹೋಗಿರಲಿಲ್ರಿ.’ ಹೋಗುವುದೂ ಇಲ್ಲ. ಖಾರದ ಕ್ಯಾಪ್ಸೈಸಿನ್ ನೀರಿಗೆ ಜಗ್ಗದು, ಎಣ್ಣೆಗೆ ಕರಗುತ್ತದೆ. ಹಿರಿಯ ಹಮಾಲರಿಗೆ ಇದು ಮೊದಲೇ ಗೊತ್ತು: ಶೇಂಗಾ ಎಣ್ಣೆ ತಿಕ್ಕಿ, ಕಾಲು ತಾಸು ಬಿಟ್ಟು, ಆಮೇಲೆ ಸೋಪು. ನಾನು ಹೊರಗೆ ಬಂದು ಐದು ಮಂದಿಯನ್ನು ಕೇಳಿದೆ. ಇಬ್ಬರು ಶೇಂಗಾ ಎಣ್ಣೆ ಅಂದರು, ಒಬ್ಬರು ಕೊಬ್ಬರಿ ಎಣ್ಣೆ, ಇನ್ನೊಬ್ಬರು ಮೊಸರು. ಐದನೆಯವರು, ಬೂದಿಯಿಲ್ಲದೆ ಯಾವುದೂ ನಡೆಯೋದಿಲ್ಲ ಎಂದು ಜಗಳಕ್ಕೇ ನಿಂತರು. ಹುಡುಗ ಎರಡನೇ ಪೇಪರಿಗೆ ಎಣ್ಣೆ ತಿಕ್ಕಿಕೊಂಡೇ ಹೋದ. ಖಾರ ಬಿಟ್ಟಿತು, ಹಾಳೆಗೆ ಜಿಡ್ಡು ಹತ್ತಿತು. ಜಿಡ್ಡಿನ ಮೇಲೆ ಜೆಲ್ ಪೆನ್ನಿನ ಶಾಯಿ ನಿಲ್ಲಲಿಲ್ಲ; ಜಮಾ-ಖರ್ಚಿನ ಅಂಕಿಗಳು ಅರ್ಧರ್ಧ ಮೂಡಿದವು. ಅಂದಿನಿಂದ ಬಾಲ್‌ಪೆನ್ನು, ಮೊಣಕೈ ಕೆಳಗೆ ಒಂದು ಕರವಸ್ತ್ರ. ಎಣ್ಣೆ ಹತ್ತಿದ ಆ ಅಂಕಿಗಳನ್ನು ತಿದ್ದಿದ ಮೇಷ್ಟ್ರು ಏನೆಂದುಕೊಂಡರೋ ಎಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ದುಡಿಯುತ್ತ ಓದಿದವರು ನಮ್ಮಲ್ಲಿ ಕಡಿಮೆಯೇನಲ್ಲ. ಓದು ಬಿಟ್ಟು ಅಲೆದ ದಿನಗಳಲ್ಲಿ ಮುಂಬೈಯಲ್ಲಿ ರೈಲ್ವೆ ಕೂಲಿಯಾಗಿದ್ದ ಎಸ್.ಎಲ್. ಭೈರಪ್ಪ ಮುಂದೆ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಪಾಠ ಹೇಳಿದರು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು, ಅದು 1996ರಲ್ಲಿ ಮುಕ್ತ ವಿಶ್ವವಿದ್ಯಾಲಯವಾಯಿತು. ಕಾಲೇಜಿನ ಗಂಟೆಗೆ ಹಾಜರಾಗಲು ಆಗದವರಿಗೆ ಇವತ್ತಿಗೂ ಅದು ದೊಡ್ಡ ಬಾಗಿಲು.

ಆದರೆ ಕುರ್ಚಿ ಸಿಕ್ಕಿತೆಂದರೆ ಗೆದ್ದಂತೆ ಎಂಬ ಮಾತನ್ನು ನಾನು ಒಪ್ಪಲಾರೆ. ಹಮಾಲಿ ಚೀಲದ ಲೆಕ್ಕದ್ದು. ಸುಗ್ಗಿಯಲ್ಲಿ ಮೈ ಮುರಿದರೆ ಕೈತುಂಬ ದುಡ್ಡು. ಇವನ ಸಂಬಳ ಆ ತಿಂಗಳುಗಳ ಗಳಿಕೆಗಿಂತ ಕಡಿಮೆ. ‘ಮಳಿಗಾಲದಾಗ ಮಾತ್ರ ಅವ್ವಗ ಚಿಂತಿಲ್ರಿ’ ಎಂದ. ಮೊದಲ ತಿಂಗಳು ಸೊಂಟ ಹಿಡಿಯಿತಂತೆ, ಕೂತು ಕೂತು. ನಿನ್ನೆಯವರೆಗೆ ‘ಲೇ ತಮ್ಮಾ’ ಅನ್ನುತ್ತಿದ್ದವರು ‘ದಿವಾನಜಿಯವರ’ ಅಂದದ್ದು ಅದಕ್ಕಿಂತ ಹೆಚ್ಚು ನೋಯಿಸಿತಂತೆ.

ಹೆಗಲಿನ ವಿದ್ಯೆಯಂತೂ ಎಲ್ಲೂ ಹೋಗಿಲ್ಲ. ರೈತರೊಬ್ಬರು ಮಾದರಿ ತಂದಿಟ್ಟರು. ಇವನು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಹಿಡಿದು ಹಿಚುಕಿದ. ಚಟಪಟ ಸಪ್ಪಳವಿಲ್ಲ. ‘ಕಾಕಾ, ಹಸಿ ಐತಿ. ಇನ್ನೆರಡು ದಿನ ಒಣಗಿಸ್ರಿ, ದರ ಸಿಗ್ತದ.’

ಸಂಜೆ ಆರಕ್ಕೆ ಹಮಾಲರು ಕಟ್ಟೆಯ ಮೇಲೆ ಬಂದು ಕೂತರು. ಮೊದಲೆಲ್ಲ ವಹಿಯಲ್ಲಿ ಬರೆದಷ್ಟಕ್ಕೆ ಹೆಬ್ಬೆಟ್ಟು ಒತ್ತಿ ಎದ್ದುಹೋಗುತ್ತಿದ್ದರಂತೆ. ಈ ಹುಡುಗ ಕೂತಂದಿನಿಂದ ಯಾರ ಹೆಸರಿಗೆ ಎಷ್ಟು ಚೀಲ ಎಂಬುದನ್ನು ಗಟ್ಟಿಯಾಗಿ ಓದಿ ಹೇಳುತ್ತಾನೆ. ಹಿರಿಯರೊಬ್ಬರು ಬೆರಳ ಗೆಣ್ಣು ಎಣಿಸುತ್ತಿದ್ದವರು ತಲೆ ಎತ್ತಿ, ‘ನಂದು ಎರಡು ಬಿಟ್ಟೀಯಲ್ಲೋ’ ಅಂದರು. ಅವನು ಎದ್ದುಹೋಗಿ ಲಾರಿಯ ಚೀಟಿ ತಂದು ನೋಡಿದ. ಎರಡು ಬಿಟ್ಟೇ ಇತ್ತು. ಹಳೆಯ ಅಂಕಿ ಹೊಡೆದುಹಾಕಿ ಪಕ್ಕದಲ್ಲಿ ಹೊಸದು ಬರೆದು, ವಹಿಯನ್ನು ಅವರತ್ತ ತಿರುಗಿಸಿದ.