ಕಬ್ಬಿನ ಸೀಮೆಯ ಯಂತ್ರಪಾಠ

ನುರಿಸುವ ಹಂಗಾಮು ಬಂತೆಂದರೆ ಕಾಗವಾಡ ತಾಲ್ಲೂಕಿನ ಉಗಾರ ಖುರ್ದದ ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ಗಾಳಿಯ ತುಂಬ ಕಾಕಂಬಿಯ ವಾಸನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯ ಮಕ್ಕಳಿಗೂ ಅದು ತೊಟ್ಟಿಲಿನಿಂದ ಬಂದ ಪರಿಚಯ. ಕಾರ್ಖಾನೆಯ ಗೋಡೆಯ ಒಳಗೇನು ನಡೆಯುತ್ತದೆ ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು.

ಒಳಗೆ ಕಬ್ಬು ಕ್ಯಾರಿಯರ್ ಏರುತ್ತದೆ. ಚಾಕುಗಳು ಕೊಚ್ಚುತ್ತವೆ, ಫೈಬ್ರೈಜರ್ ಸಿಗಿದು ನಾರಾಗಿಸುತ್ತದೆ. ಒಮ್ಮೆಲೇ ಕಬ್ಬು ನುಗ್ಗಿದರೆ ಫೈಬ್ರೈಜರಿನ ಮೋಟಾರು ಎಳೆಯುವ ಕರೆಂಟು ಏರುತ್ತದೆ. ಈಚಿನ ಕಾರ್ಖಾನೆಗಳಲ್ಲಿ ಪಿಎಲ್‌ಸಿ ಎಂಬ ನಿಯಂತ್ರಕ ಗಣಕ ಅದನ್ನು ಹಿಡಿದು ಕ್ಯಾರಿಯರಿನ ವೇಗ ತಗ್ಗಿಸುತ್ತದೆ. ಹೊರೆ ಇಳಿದೊಡನೆ ಮತ್ತೆ ಏರಿಸುತ್ತದೆ. ಆಚೆ ಸೆಂಟ್ರಿಫ್ಯೂಗಲ್ ಯಂತ್ರ, ರಸ ಕುದಿಸಿ ಹರಳುಗಟ್ಟಿಸಿದ ಪಾಕವನ್ನು ತುಂಬಿಕೊಂಡು, ಗಿರ್ರನೆ ತಿರುಗಿ, ನೀರು ಚಿಮ್ಮಿಸಿ ತೊಳೆದು, ಬಿಳಿ ಸಕ್ಕರೆಯನ್ನು ಕೆರೆದು ಇಳಿಸುತ್ತದೆ. ಯಂತ್ರ, ವಿದ್ಯುತ್ತು, ಪ್ರೋಗ್ರಾಮು ಒಂದಾಗಿ ದುಡಿಯುವ ಈ ವಿದ್ಯೆಯೇ ಮೆಕಾಟ್ರಾನಿಕ್ಸ್.

ಕಲಿಯಲು ದಾರಿಗಳಿವೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಮೆಕಾಟ್ರಾನಿಕ್ಸ್ ಡಿಪ್ಲೊಮಾ ಇದೆ. ರಾಜ್ಯದ 150 ಐಟಿಐಗಳನ್ನು 4,700 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳಾಗಿಸಿ 2022ರ ಜೂನ್ 20ರಂದು ಉದ್ಘಾಟಿಸಲಾಯಿತು. ರೋಬಾಟಿಕ್ಸ್, ಆಟೊಮೇಷನ್ ಈಗ ಹತ್ತನೇ ತರಗತಿ ಮುಗಿಸಿದವರ ಕೈಗೂ ಎಟುಕುವ ಪಾಠ.

ಇಂಥ ಪಾಠ ನಡೆಯುವ ಪ್ರಯೋಗಶಾಲೆಯ ಒಂದು ಮೇಜು ನೋಡಿ. ಗಾಳಿಯ ಸಿಲಿಂಡರು, ಸೆನ್ಸರು, ಬಣ್ಣಬಣ್ಣದ ವೈರು, ಪರದೆಯ ಮೇಲೆ ಏಣಿಯಂತೆ ಕಾಣುವ ಪ್ರೋಗ್ರಾಮು, ಲ್ಯಾಡರ್ ನಕ್ಷೆ. ಹುಡುಗಿಯೊಬ್ಬಳು ಹುಬ್ಬು ಗಂಟಿಕ್ಕಿದ್ದಾಳೆ.

“ಸರ, ಸೆನ್ಸರ್ ದೀಪ ಹತ್ತೈತ್ರಿ, ಸಿಲಿಂಡರ್ ಮುಂದ ಬರವಲ್ದು.”

“ಔಟ್‌ಪುಟ್ ದೀಪ ನೋಡವಾ. ಅದೂ ಹತ್ತಿದ್ರ ಪ್ರೋಗ್ರಾಮ್ ಬಿಡು, ವೈರ್ ನೋಡು, ವಾಲ್ವ್ ನೋಡು, ಗಾಳಿ ಬರತೈತೇನ ನೋಡು.”

ಅವಳ ಬೆರಳು ವೈರಿನ ಗುಂಟ ಸಾಗುತ್ತದೆ. ವಾಲ್ವಿನ ಹತ್ತಿರ ಸಡಿಲಾದ ತುದಿ ಸಿಗುತ್ತದೆ. ಒತ್ತಿ ತಿರುಪು ಬಿಗಿದರೆ ಫುಸ್ ಎಂದು ಸಿಲಿಂಡರು ಮುಂದೆ ಬರುತ್ತದೆ. ದೋಷವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹುಡುಕುವುದು ಈ ಓದಿನ ಜೀವಾಳ ಎಂದು ನನ್ನ ನಂಬಿಕೆ. ಬಟನ್ ಒತ್ತಲು ಯಾರಾದರೂ ಕಲಿತಾರು.

ಕಲಿತವರಿಗೆ ನಿಪ್ಪಾಣಿಯ ಹೆದ್ದಾರಿ ಕೊಲ್ಲಾಪುರ, ಪುಣೆಯ ಕಡೆ ಕರೆಯುತ್ತದೆ. ಹೋಗಲಿ, ತಪ್ಪಿಲ್ಲ. ಆದರೆ ಮನೆಯ ಪಕ್ಕದ ಕಾರ್ಖಾನೆಯನ್ನು ಒಮ್ಮೆಯೂ ಒಳಗಿನಿಂದ ಕಾಣದೆ ಹೋಗುವುದು ಸರಿಯಲ್ಲ. ಹಂಗಾಮು ಮುಗಿದ ಮೇಲೆ ರೋಲರು ಇಳಿಸುತ್ತಾರೆ, ಮೋಟಾರು ಬಿಚ್ಚುತ್ತಾರೆ, ಪ್ಯಾನಲ್ಲುಗಳ ಬಾಗಿಲು ತೆರೆದಿರುತ್ತದೆ. ಯಂತ್ರದ ಒಳಗನ್ನು ಕಾಣಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಈ ಐದೂ ತಾಲ್ಲೂಕುಗಳ ಕಾರ್ಖಾನೆಗಳವರು ಬರುವ ಬೇಸಿಗೆಯಿಂದಲೇ ಹತ್ತಿರದ ಐಟಿಐನ ಒಂದೊಂದು ತಂಡವನ್ನು ಆ ರಿಪೇರಿ ಕೆಲಸಕ್ಕೆ ಕರೆಯಲಿ, ದುಡಿದ ದಿನಗಳಿಗೆ ಭತ್ಯೆಯನ್ನೂ ಕೊಡಲಿ.