ಟರ್ಬೊ ಹೊಗೆ ಕಾರಿದಾಗ

ಘಟ್ಟದ ರಸ್ತೆಯಲ್ಲಿ ಮುಂದೆ ಹೋಗುತ್ತಿರುವ ಕಾರು ಇದ್ದಕ್ಕಿದ್ದಂತೆ ನೀಲಿ ಹೊಗೆ ಕಾರುವುದನ್ನು ನೀವು ನೋಡಿರಬಹುದು. ಹಿಂದಿನಿಂದ ಬರುವವರು ಮೂಗು ಮುಚ್ಚಿಕೊಳ್ಳುತ್ತಾರೆ; ಕಾರಿನ ಮಾಲೀಕರು ಎದೆ ಮುಟ್ಟಿಕೊಳ್ಳುತ್ತಾರೆ. ‘ಟರ್ಬೊ ಹೋಯಿತು’ ಎಂಬ ಎರಡು ಪದಗಳಿಗೆ ಹತ್ತಾರು ಸಾವಿರ ರೂಪಾಯಿ ಬೆಲೆ. ಆದರೆ ಹೊಗೆ ಬಂದ ಮಾತ್ರಕ್ಕೆ ಟರ್ಬೊ ಕೆಟ್ಟಿದೆ ಎನ್ನಬಹುದೆ? ಜ್ವರ ಬಂದ ಮಾತ್ರಕ್ಕೆ ಮಲೇರಿಯಾ ಎಂದುಬಿಡಬಹುದೆ? ಬನ್ನಿ, ಸ್ವಲ್ಪ ಪರೀಕ್ಷಿಸಿ ನೋಡೋಣ.

ಮೊದಲು ಈ ಯಂತ್ರದ ಪರಿಚಯ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಅನಿಲದಲ್ಲಿ ಸಾಕಷ್ಟು ಶಕ್ತಿ ವ್ಯರ್ಥವಾಗುತ್ತದೆ. ಆ ಅನಿಲದಿಂದ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಿದರೆ? ಹೆಚ್ಚು ಗಾಳಿ, ಅದಕ್ಕೆ ತಕ್ಕಂತೆ ಹೆಚ್ಚು ಇಂಧನ, ಹೆಚ್ಚು ಬಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದರು. ಇಂದು ಸಣ್ಣ ಪೆಟ್ರೋಲ್ ಕಾರುಗಳಲ್ಲೂ ಟರ್ಬೊ ಕಾಣಸಿಗುತ್ತದೆ.

ಈ ದಂಡ ಪೆನ್ಸಿಲಿನಷ್ಟು ದಪ್ಪ ಇದ್ದರೆ ಹೆಚ್ಚು. ಆದರೆ ಅದು ತಿರುಗುವ ವೇಗ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಎಂದರೆ ನಂಬುತ್ತೀರಾ? ಸೆಕೆಂಡಿಗೆ 2,500 ಸುತ್ತು! ಒಂದು ಬದಿಯಲ್ಲಿ ಕೆಂಪಗೆ ಕಾಯಬಲ್ಲ ಚಕ್ರ, ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿ. ಬಹುತೇಕ ಟರ್ಬೊಗಳಲ್ಲಿ ದಂಡ ಲೋಹದ ಮೇಲೆ ಕುಳಿತಿರುವುದಿಲ್ಲ, ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತಿರುತ್ತದೆ. ಈ ಎಣ್ಣೆ ಎಂಜಿನ್ ಆಯಿಲೇ. ಸಣ್ಣ ಕೊಳವೆಯಲ್ಲಿ ಒತ್ತಡದಿಂದ ಬರುತ್ತದೆ. ದಪ್ಪ ಕೊಳವೆಯಲ್ಲಿ ತನ್ನ ತೂಕದಿಂದಲೇ ಕೆಳಗಿಳಿದು ಎಂಜಿನ್ನಿನ ತೊಟ್ಟಿಗೆ ಸೇರುತ್ತದೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಹೊಗೆ. ಕಪ್ಪು ಹೊಗೆ ಎಂದರೆ ಅರೆಬೆಂದ ಇಂಧನ. ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಸೀಳಿ ಗಾಳಿ ಸೋರುತ್ತಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆಯಾದರೆ ಕೂಲೆಂಟ್ ಉರಿಯುತ್ತಿದೆ ಎಂದು ಶಂಕಿಸಬೇಕು. ನೀಲಿ ಹೊಗೆ, ಕಮಟು ವಾಸನೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಟರ್ಬೊ ಮೇಲೆ ಅಪವಾದ ಬರುವುದು ಹೆಚ್ಚಾಗಿ ಈ ನೀಲಿಯಿಂದಲೇ.

ನಮ್ಮ ಚಿತ್ರೀಕರಣಕ್ಕೆ ಗೊತ್ತುಮಾಡಿದ್ದ ಒಂದು ಡೀಸೆಲ್ ಗಾಡಿ ಚಾರ್ಮಾಡಿ ಘಾಟಿ ಏರಿ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ಹೀಗೆಯೇ ನೀಲಿ ಹೊಗೆ ಬಿಟ್ಟಿತು. ಒಂದು ಗ್ಯಾರೇಜಿನಲ್ಲಿ ಹೊಸ ಟರ್ಬೊ ಹಾಕಿಸಿದರು. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಹೊಗೆ! ಚಾಲಕನೇ ಗಾಡಿಯ ಮಾಲೀಕ, ಸಾಲ ಮಾಡಿ ಹಣ ಕೊಟ್ಟಿದ್ದವನು. “ಇನ್ನೊಂದು ಟರ್ಬೊ ಅಂದ್ರೆ ಗಾಡೀನೇ ಮಾರಬೇಕಾಗುತ್ತೆ ಸಾರ್” ಎಂದ. ಕೊನೆಗೆ ಒಬ್ಬ ಹಿರಿಯ ಮೇಸ್ತ್ರಿಯ ಬಳಿ ಗಾಡಿ ಹೋಯಿತು.

ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ತುಂಬುವ ಬಾಯಿಯ ಮುಚ್ಚಳ ತೆಗೆದು, ಅದನ್ನು ತಲೆಕೆಳಗಾಗಿ ಅಲ್ಲೇ ಇಟ್ಟರು. ಮುಚ್ಚಳ ಕುಣಿದು ಕೆಳಗೆ ಬಿತ್ತು. “ನೋಡಿ, ಒಳಗೆ ಉಸಿರು ಕಟ್ಟಿದೆ” ಎಂದರು.

ಏನಿದರ ಅರ್ಥ? ಸಿಲಿಂಡರಿನ ಅನಿಲದಲ್ಲಿ ಸ್ವಲ್ಪ ಭಾಗ ಪಿಸ್ಟನ್ ಉಂಗುರಗಳ ಸಂದಿಯಿಂದ ಕೆಳಗಿನ ಕ್ರ್ಯಾಂಕ್ ಕೋಣೆಗೆ ನುಸುಳುವುದು ಸಹಜ. ಅದು ಹೊರಹೋಗಲು ಬ್ರೀದರ್ ಎಂಬ ಕೊಳವೆ ಇರುತ್ತದೆ. ಅದು ಮಡ್ಡಿಯಿಂದ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಬಾಟಲಿಯ ಬಾಯಿಗೆ ಆಲಿಕೆಯನ್ನು ಬಿಗಿಯಾಗಿ ಕೂರಿಸಿ ಸೀಮೆಎಣ್ಣೆ ಸುರಿದು ನೋಡಿ. ಒಳಗಿನ ಗಾಳಿಗೆ ದಾರಿಯಿಲ್ಲದೆ ಎಣ್ಣೆ ಆಲಿಕೆಯಲ್ಲೇ ನಿಲ್ಲುತ್ತದೆ. ಟರ್ಬೊದಿಂದ ತನ್ನ ತೂಕದಿಂದಲೇ ಇಳಿಯಬೇಕಾದ ಎಣ್ಣೆಗೂ ಇದೇ ಗತಿ. ಮೇಲಿನಿಂದ ಪಂಪು ತಳ್ಳುತ್ತಲೇ ಇರುತ್ತದೆ, ಕೆಳಗೆ ದಾರಿಯಿಲ್ಲ. ದಂಡದ ತುದಿಯ ಸೀಲು ರಬ್ಬರಿನದಲ್ಲ, ಪಿಸ್ಟನ್ ಉಂಗುರದಂಥ ಒಂದು ಲೋಹದ ಬಳೆ. ಚಕ್ರಗಳ ಹಿಂಭಾಗದ ಗಾಳಿಯ ಒತ್ತಡವೂ ಸೇರಿದರೆ ಮಾತ್ರ ಅದು ಎಣ್ಣೆಯನ್ನು ತಡೆಯಬಲ್ಲದು. ಒಳಗೆ ಎಣ್ಣೆ ತುಂಬಿ ನಿಂತಾಗ ಹೊಚ್ಚ ಹೊಸ ಟರ್ಬೊ ಕೂಡ ಸೋರುತ್ತದೆ. ಏರ್ ಫಿಲ್ಟರ್ ಪೂರ್ತಿ ಕಟ್ಟಿಕೊಂಡರೂ ಹೀಗೇ. ಗಾಳಿ ಎಳೆಯುವ ಚಕ್ರ ಗಾಳಿ ಸಿಗದೆ ಎಣ್ಣೆಯನ್ನೇ ಹೀರುತ್ತದೆ.

ಹಾಗಾಗಿ ಪರೀಕ್ಷೆ ಅಗ್ಗದ ಕಡೆಯಿಂದ ಆರಂಭವಾಗಬೇಕು: ಆಯಿಲ್ ಮಟ್ಟ ಗುರುತಿಗಿಂತ ಮೇಲಿದೆಯೆ, ಏರ್ ಫಿಲ್ಟರ್, ಬ್ರೀದರ್, ಎಣ್ಣೆ ಇಳಿಯುವ ಕೊಳವೆ. ಆಮೇಲೆ, ಎಂಜಿನ್ ತಣ್ಣಗಿರುವಾಗ, ಗಾಳಿ ಬರುವ ಕೊಳವೆ ಬಿಚ್ಚಿ ದಂಡವನ್ನು ಬೆರಳಲ್ಲಿ ಅಲುಗಿಸಿ ನೋಡಬೇಕು. ಅಡ್ಡಡ್ಡಲಾಗಿ ತುಸು ಅಲುಗಿದರೆ ಗಾಬರಿ ಬೇಡ; ಎಣ್ಣೆಯ ಪೊರೆಗೆ ಜಾಗ ಬೇಕಲ್ಲ! ಆದರೆ ಹಿಂದೆ ಮುಂದೆ ಸರಿದಾಡುವುದು ಕೈಗೆ ಸ್ಪಷ್ಟವಾಗಿ ತಿಳಿದರೆ, ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತಿದ್ದರೆ, ಆಗ ಟರ್ಬೊ ನಿಜಕ್ಕೂ ಸವೆದಿದೆ. ಕೊಳವೆಯೊಳಗೆ ತೆಳುವಾಗಿ ಎಣ್ಣೆ ಪಸೆ ಕಂಡರೆ ಅದು ದೋಷವಲ್ಲ; ಮಡುಗಟ್ಟಿ ನಿಂತಿದ್ದರೆ ಎಚ್ಚರ. ಬ್ರೀದರ್ ಚೊಕ್ಕಟವಾಗಿದ್ದೂ ಮುಚ್ಚಳ ಕುಣಿದರೆ ಪಿಸ್ಟನ್ ಉಂಗುರಗಳೇ ಸವೆದಿರಬಹುದು. ಅದು ದೊಡ್ಡ ಖರ್ಚಿನ ಬಾಬ್ತು.

ಭಾರತದಲ್ಲಿ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅಲ್ಲಿ ಹೊಗೆ ಕಣ್ಣಿಗೆ ಬೀಳುವುದು ತಡವಾಗಬಹುದು. ಆಯಿಲ್ ಕಡ್ಡಿಯ ಮಟ್ಟ ವಾರಕ್ಕೊಮ್ಮೆ ನೋಡುವ ಅಭ್ಯಾಸವೇ ಅಲ್ಲಿ ಹೆಚ್ಚು ನಂಬಿಕೆಗೆ ಅರ್ಹ.

ನೀಲಿ ಹೊಗೆಯನ್ನು ಅಲಕ್ಷಿಸಿ ಓಡಿಸುವುದು ಬರೀ ಖರ್ಚಿನ ವಿಷಯವಲ್ಲ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಸೋರುವ ಎಣ್ಣೆ ಹೆಚ್ಚಾದರೆ ಅದನ್ನೇ ಇಂಧನವಾಗಿ ಉರಿಸುತ್ತಾ, ಕೀಲಿ ತೆಗೆದರೂ ನಿಲ್ಲದೆ, ಎಂಜಿನ್ ಹುಚ್ಚುವೇಗದಲ್ಲಿ ಓಡಬಹುದು. ಆಗ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಲು ನೋಡಬೇಕು. ಆಗದಿದ್ದರೆ ಎಲ್ಲರೂ ಗಾಡಿಯಿಂದ ದೂರ ಸರಿಯಬೇಕು. ಗಾಳಿಯ ಬಾಯಿಗೆ ಕೈ ಅಡ್ಡ ಹಿಡಿಯುವ ಸಾಹಸ ಖಂಡಿತ ಬೇಡ.

ಟರ್ಬೊ ಬದಲಿಸಲೇಬೇಕಾದರೂ ಮೂಲ ಕಾರಣ ಸರಿಪಡಿಸಿಯೇ ಬದಲಿಸಬೇಕು. ಆಯಿಲ್ ಮತ್ತು ಫಿಲ್ಟರ್ ಹೊಸದಾಗಬೇಕು, ಎಣ್ಣೆಯ ಕೊಳವೆಗಳಲ್ಲಿ ಕರಕಲು ಇರಬಾರದು, ಇಂಟರ್‌ಕೂಲರಿನಲ್ಲಿ ನಿಂತ ಹಳೆಯ ಎಣ್ಣೆ ಬಸಿಯಬೇಕು, ಸ್ಟಾರ್ಟ್ ಮಾಡುವ ಮುನ್ನ ಹೊಸ ಟರ್ಬೊಕ್ಕೆ ಎಣ್ಣೆ ಉಣಿಸಬೇಕು. ಕೊಳವೆಯ ಜೋಡಣೆಗೆ ಸಿಲಿಕೋನ್ ಅಂಟು ಬಳಿಯುವವರಿದ್ದಾರೆ. ಅದರ ಒಂದು ಚೂರು ಒಳಗೆ ಹೋದರೆ ಎಣ್ಣೆಯ ದಾರಿಯೇ ಬಂದ್. ಘಟ್ಟ ಹತ್ತಿದ ಕೂಡಲೇ ಎಂಜಿನ್ ಆರಿಸದೆ ಒಂದು ನಿಮಿಷ ಸುಮ್ಮನೆ ಓಡಬಿಡುವುದೂ ಒಳ್ಳೆಯದು. ಇಲ್ಲವಾದರೆ ಕಾದ ದಂಡದ ಸುತ್ತ ನಿಂತ ಎಣ್ಣೆ ಸುಟ್ಟು ಇದ್ದಿಲಾಗುತ್ತದೆ.

ಮೇಸ್ತ್ರಿ ಬ್ರೀದರ್ ಕೊಳವೆ ಬಿಚ್ಚಿ ಮಡ್ಡಿ ತೆಗೆದರು, ಆಯಿಲ್ ಬದಲಿಸಿದರು. ಟರ್ಬೊದ ದಂಡ ಅಲುಗಿಸಿ ನೋಡಿ ಹಾಗೆಯೇ ಬಿಟ್ಟರು. ಗಾಡಿ ಹೊರಟಾಗ ಮತ್ತೆ ನೀಲಿ ಹೊಗೆ! ಚಾಲಕನ ಮುಖ ಬಾಡಿತು. “ಸೈಲೆನ್ಸರಿನಲ್ಲಿ ಕೂತಿರೋ ಹಳೇ ಎಣ್ಣೆ ಉರಿದು ಮುಗೀಬೇಕಲ್ಲಪ್ಪ, ಎರಡು ದಿನ ಓಡಿಸು” ಎಂದರು ಮೇಸ್ತ್ರಿ. ಮೂರನೆಯ ದಿನ ಹೊಗೆ ನಿಂತಿತ್ತು.