ಪ್ರಿಂಟರ್ ಅಗ್ಗ, ಇಂಕು ತುಟ್ಟಿ! ಮನೆಯಲ್ಲೇ ಫೋಟೋ ತೆಗೆಯುವವರು ಲೆಕ್ಕ ಹಾಕಿದ್ದಾರಾ?

ದಾವಣಗೆರೆ: ಮಂಡಿಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರ ಮನೆಯ ಪಡಸಾಲೆಯಲ್ಲಿ ಒಂದು ಫೋಟೋ ತೂಗುಹಾಕಿದ್ದರು. ತೀರಿಹೋದ ಅವ್ವನದು. ಸ್ಟುಡಿಯೋಕ್ಕೆ ಅಲೆಯುವುದೇಕೆಂದು ಮಗ ಹೊಸದಾಗಿ ತಂದ ಪ್ರಿಂಟರಿನಲ್ಲಿ ಮನೆಯಲ್ಲೇ ತೆಗೆದದ್ದು. ಕಿಟಕಿಯ ಎದುರಿನ ಗೋಡೆ, ಮೇಲೊಂದು ಹಾರ. ವರ್ಷದ ಪುಣ್ಯಸ್ಮರಣೆ ಹೊತ್ತಿಗೆ ನೋಡಿದರೆ ಸೀರೆಯ ಕೆಂಪು ಹಾರಿಹೋಗಿದೆ, ಅವ್ವನ ಮುಖ ಹಸಿರುಗಟ್ಟಿದೆ! ಇನ್ನೊಂದು ಪ್ರತಿ ತೆಗೆಯೋಣವೆಂದರೆ ಪ್ರಿಂಟರ್ ಗರಗರ ಎನ್ನುತ್ತದೆ, ಬಣ್ಣ ಬರುವುದಿಲ್ಲ. ಮೂಲ ಫೋಟೋ ಇದ್ದ ಮೊಬೈಲ್ ನೀರಿಗೆ ಬಿದ್ದು ಹಾಳಾಗಿ ಆರು ತಿಂಗಳಾಗಿದೆ.

"ನಾಲ್ಕು ಸಾವಿರಕ್ಕೆ ಸಿಕ್ತು ಅಂತ ತಂದ್ವಿ. ಈಗ ಬಂದೋರಿಗೆ ಅವ್ವನ ಮುಖ ತೋರ್ಸೋಕೆ ಆಗ್ತಿಲ್ರಿ" ಎಂಬುದು ಆ ವ್ಯಾಪಾರಿಯ ಅಳಲು.

ಇದು ಒಬ್ಬರ ಮನೆಯ ಕಥೆಯಲ್ಲ. ಕಡಿಮೆ ಬೆಲೆಗೆ ಮರುಳಾಗಿ ಪ್ರಿಂಟರ್ ತಂದು, ಕೆಲವೇ ತಿಂಗಳಲ್ಲಿ ಅದರ ಮೇಲೆ ಟವೆಲ್ ಹೊದಿಸಿ ಇಟ್ಟವರು ಬೀದಿಗೊಬ್ಬರು ಸಿಗುತ್ತಾರೆ. ತಪ್ಪು ಎಲ್ಲಿದೆ?

ಎತ್ತು ಅಗ್ಗ, ಮೇವು ತುಟ್ಟಿ

ಮೂರು-ನಾಲ್ಕು ಸಾವಿರದ ಯಂತ್ರಗಳಲ್ಲಿ ಇಂಕು ಇರುವುದು ಕಾರ್ಟ್ರಿಜ್ ಎಂಬ ಪುಟ್ಟ ಡಬ್ಬಿಯಲ್ಲಿ. ಅದರೊಳಗಿನ ಇಂಕು ಕೆಲವೇ ಮಿಲಿಲೀಟರ್. ಬಣ್ಣದ ಡಬ್ಬಿಯ ಬೆಲೆ ಸಾವಿರದ ಆಸುಪಾಸು! ಮೂರು ಬಣ್ಣ ಒಂದೇ ಡಬ್ಬಿಯಲ್ಲಿದ್ದರೆ, ಒಂದು ಮುಗಿದರೂ ಇಡೀ ಡಬ್ಬಿ ಬದಲಿಸಬೇಕು. ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಇಂಕಿನಲ್ಲಿ ದುಡಿಯುವುದು ಈ ಧಂದೆಯ ಹಳೇ ಗುಟ್ಟು.

ಡಬ್ಬಿಯ ಮೇಲೆ "ನೂರಾರು ಪುಟ" ಎಂದು ಬರೆದಿರುತ್ತದಲ್ಲಾ? ಅದು ಪತ್ರ, ಬಿಲ್ಲುಗಳಂಥ ಪುಟಗಳ ಲೆಕ್ಕ. ಅವುಗಳಲ್ಲಿ ಹಾಳೆಯ ಬಹುಭಾಗ ಬೆಳ್ಳಗೇ ಉಳಿಯುತ್ತದೆ. ಫೋಟೋ ಎಂದರೆ ಮೂಲೆಯಿಂದ ಮೂಲೆಗೆ ಬಣ್ಣ. ಆ ಲೆಕ್ಕ ಇಲ್ಲಿ ನಡೆಯದು.

ಇದಕ್ಕೆ ಪರಿಹಾರವಾಗಿ ಬಂದದ್ದು ಟ್ಯಾಂಕ್ ಯಂತ್ರ. 2010ರಲ್ಲಿ ಎಪ್ಸನ್ ಕಂಪನಿ ಇಂಡೋನೇಷ್ಯಾದಲ್ಲಿ ಇದನ್ನು ಮಾರಾಟಕ್ಕೆ ತಂದಿತು. ಆಮೇಲೆ ಕ್ಯಾನನ್, ಎಚ್‌ಪಿ ಸಹ ಅದೇ ದಾರಿ ಹಿಡಿದವು. ಸುಮಾರು 70 ಮಿಲಿಲೀಟರಿನ ಬಾಟಲಿ ತಂದು ಟ್ಯಾಂಕಿಗೆ ಸುರಿದರಾಯಿತು. ನಾಲ್ಕು ಬಣ್ಣದ ಯಂತ್ರಕ್ಕೆ ಹತ್ತರಿಂದ ಹದಿನೈದು ಸಾವಿರ ಬೀಳುತ್ತದೆ. ತಿಳಿ ನೀಲಿ, ತಿಳಿ ಗುಲಾಬಿ ಸೇರಿದ ಆರು ಬಣ್ಣದ್ದು ಇಪ್ಪತ್ತು ಸಾವಿರದ ಆಜುಬಾಜು. ಮುಖದ ಬಣ್ಣ ನುಣುಪಾಗಿ ಬರುವುದು ಆರು ಬಣ್ಣದ್ದರಲ್ಲೇ. 4x6 ಇಂಚಿನ ಫೋಟೋ ಒಂದಕ್ಕೆ ಇಂಕಿನ ಖರ್ಚು ಎರಡು-ಮೂರು ರೂಪಾಯಿ. ಹಾಳೆಯದು ಬೇರೆ.

ಸುಮ್ಮನೆ ಕೂತರೆ ಕೆಟ್ಟಿತು

ಇಂಕು ಉಗುಳುವ ತೂತುಗಳು ಕೂದಲಿಗಿಂತ ಸಣ್ಣ. ತಿಂಗಳುಗಟ್ಟಲೆ ಪ್ರಿಂಟರ್ ಮುಟ್ಟದಿದ್ದರೆ, ಅದರಲ್ಲೂ ನಮ್ಮೂರಿನ ಬೇಸಿಗೆಯಲ್ಲಿ, ಇಂಕು ಒಣಗಿ ತೂತು ಕಟ್ಟುತ್ತದೆ. ಮಂಡಿಪೇಟೆಯ ಪ್ರಿಂಟರಿಗೆ ಆದದ್ದೂ ಇದೇ. ಕ್ಲೀನಿಂಗ್ ಬಟನ್ ಒತ್ತಿದರೆ ತೂತು ಬಿಡಬಹುದು, ಆದರೆ ಅದಕ್ಕೂ ಇಂಕು ಖರ್ಚು. ಹಾಗೆ ಹರಿದ ಇಂಕೆಲ್ಲ ಯಂತ್ರದ ತಳದ ಸ್ಪಂಜಿಗೆ ಹೋಗುತ್ತದೆ. ಅದು ತುಂಬಿತೆಂದು ಲೆಕ್ಕ ಬಂದ ದಿನ ಪ್ರಿಂಟರ್ ಕೆಲಸ ನಿಲ್ಲಿಸುತ್ತದೆ!

ವಾರಕ್ಕೊಂದು ಬಣ್ಣದ ಹಾಳೆ ತೆಗೆಯುತ್ತಿದ್ದರೆ ಈ ಗೋಳು ಬಹುಪಾಲು ತಪ್ಪುತ್ತದೆ. ಗೋಡೆಯ ಸ್ವಿಚ್ ಆರಿಸಬೇಡಿ, ಮೊದಲು ಪ್ರಿಂಟರಿನ ಬಟನ್ ಒತ್ತಿ. ಆಗಲೇ ಅದರ ತಲೆ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುವುದು.

ಇನ್ನು ಬಣ್ಣ ಹಾರುವ ವಿಚಾರ. ಮನೆಯ ಫೋಟೋ ಪ್ರಿಂಟರುಗಳ ಬಣ್ಣದ ಇಂಕು ಹೆಚ್ಚಾಗಿ ನೀರಿನಲ್ಲಿ ಕರಗುವಂಥದ್ದು. ಬಿಸಿಲಿಗೂ ಗಾಳಿಗೂ ಅದು ಬೇಗ ಸೋಲುತ್ತದೆ. ಅಗ್ಗದ ಲೋಕಲ್ ಇಂಕು, ತೆಳು ಹಾಳೆ ಸೇರಿದರೆ ಕೇಳುವುದೇ ಬೇಡ. ಕಂಪನಿಯ ಇಂಕು, ಒಳ್ಳೆ ಫೋಟೋ ಹಾಳೆ, ಮೇಲೆ ಗಾಜು, ಬಿಸಿಲು ಬೀಳದ ಗೋಡೆ: ಈ ನಾಲ್ಕಿದ್ದರೆ ಫೋಟೋ ಬಾಳುತ್ತದೆ.

ಹಾಗಾದರೆ ಯಾರಿಗೆ ಲಾಭ?

ಅಂಗಡಿಯವರ ಲೆಕ್ಕದಲ್ಲೇ ನೋಡೋಣ. ವರ್ಷಕ್ಕೆ ಇಪ್ಪತ್ತು ಫೋಟೋ ತೆಗೆಸುವ ಮನೆ. ಹೊರಗೆ ಒಂದಕ್ಕೆ ಹತ್ತು ರೂಪಾಯಿ ಎಂದರೂ ಇನ್ನೂರು. ಹನ್ನೆರಡು ಸಾವಿರದ ಯಂತ್ರದ ಅಸಲು ಹುಟ್ಟಲು ಅರವತ್ತು ವರ್ಷ ಬೇಕು! ಅಷ್ಟರಲ್ಲಿ ಯಂತ್ರವೂ ಇರುವುದಿಲ್ಲ, ಕೊಂಡವರೂ ಇರುವುದಿಲ್ಲ. ಇಂಥವರು ನಿಶ್ಚಿಂತೆಯಿಂದ ಸ್ಟುಡಿಯೋಕ್ಕೆ ಹೋಗಬಹುದು.

ಮಕ್ಕಳ ಪ್ರಾಜೆಕ್ಟ್, ಅಂಗಡಿಯ ಬಿಲ್ಲು, ಅರ್ಜಿ ಎಂದು ದಿನಾ ಹಾಳೆ ತೆಗೆಯುವವರ ಮಾತು ಬೇರೆ. ಅವರಿಗೆ ನಾಲ್ಕು ಬಣ್ಣದ ಟ್ಯಾಂಕ್ ಯಂತ್ರ ಸಾಕು, ಫೋಟೋ ಅದರಲ್ಲೇ ಆಗುತ್ತದೆ. ಜೆರಾಕ್ಸ್ ಅಂಗಡಿಯವರಿಗೆ ಆರು ಬಣ್ಣದ್ದೂ ಗಿಟ್ಟುತ್ತದೆ. 35x45 ಮಿಲಿಮೀಟರಿನ ಪಾಸ್‌ಪೋರ್ಟ್ ಸೈಜ್ ಫೋಟೋ ಒಂದು 4x6 ಹಾಳೆಯಲ್ಲಿ ಎಂಟು ಕೂರುತ್ತವೆ. ಕೊಳ್ಳುವಾಗ ಗ್ಯಾರಂಟಿ ಕಾರ್ಡ್ ಓದಿ. ಅನೇಕ ಟ್ಯಾಂಕ್ ಯಂತ್ರಗಳಿಗೆ "ಒಂದು ವರ್ಷ ಅಥವಾ ಇಂತಿಷ್ಟು ಪುಟ, ಯಾವುದು ಮೊದಲೋ ಅದು" ಎಂಬ ಷರತ್ತು ಇರುತ್ತದೆ.

ಅತ್ತ ಮಂಡಿಪೇಟೆಯ ವ್ಯಾಪಾರಿ ಹಸಿರುಗಟ್ಟಿದ ಫೋಟೋವನ್ನೇ ಹಿಡಿದು ಅಶೋಕ ರಸ್ತೆಯ ಸ್ಟುಡಿಯೋ ಒಂದಕ್ಕೆ ಹೋದರು. ಅಲ್ಲಿಯವರು ಸ್ಕ್ಯಾನ್ ಮಾಡಿ, ಹಾರಿಹೋದ ಕೆಂಪನ್ನು ಕಂಪ್ಯೂಟರಿನಲ್ಲಿ ಮರಳಿ ತುಂಬಿ, ಸಂಜೆಯೊಳಗೆ ಹೊಸ ಪ್ರತಿ ಕೊಟ್ಟರು.

"ಸಾವ್ಕಾರ್ರೆ, ಪ್ರಿಂಟರ್ ಇಟ್ಕೊಳ್ರಿ, ಬ್ಯಾಡ ಅನ್ನಲ್ಲ. ಆದ್ರ ಫೋಟೋನ ಎರಡು ಕಡೆ ಉಳಿಸಿಟ್ಕೊಳ್ರಿ" ಎಂದು ಒಂದು ಪೆನ್‌ಡ್ರೈವನ್ನೂ ಕೈಗಿತ್ತರಂತೆ.

ಪುಣ್ಯಸ್ಮರಣೆ ಸಾಂಗವಾಗಿ ಮುಗಿಯಿತು. ಅವ್ವನ ಫೋಟೋ ಈಗ ಬಿಸಿಲು ಬೀಳದ ಗೋಡೆಯಲ್ಲಿದೆ. ಪೆನ್‌ಡ್ರೈವ್ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ. ಪ್ರಿಂಟರ್ ಮೇಲಿನ ಟವೆಲ್ ಮಾತ್ರ ಇನ್ನೂ ತೆಗೆದಿಲ್ಲ!